ಒಂದೇ ಪೆಟ್ಟಿಗೆ, ನಾಲ್ಕು ನಲ್ಲಿ

ಕಳೆದ ಬಾರಿಯ ಸಾಹಿತ್ಯ ಕೂಟ ದಮಾಮಿನ ನಮ್ಮ ಮನೆಯಲ್ಲಿ ನಡೆದಾಗ, ಕಥಾ ವಾಚನಕ್ಕಿಂತ ಹೆಚ್ಚು ಪ್ರಶ್ನೆಗಳು ಬಂದದ್ದು ಅಡುಗೆಮನೆಯ ಮೂಲೆಯಲ್ಲಿದ್ದ ಒಂದು ಪೆಟ್ಟಿಗೆಯ ಬಗ್ಗೆ. ಹಳೆಯ ಫ್ರಿಜ್ಜು, ಅದರ ನೆತ್ತಿಯ ಮೇಲೊಂದು ಉಕ್ಕಿನ ಕಂಬ, ಕಂಬಕ್ಕೆ ನಾಲ್ಕು ನಲ್ಲಿ. ಮೊದಲನೆಯದರಲ್ಲಿ ಮೂಗಿಗೆ ಹತ್ತುವಷ್ಟು ಖಾರವಾದ ಬರೀ ಸೋಡ. ಎರಡನೆಯದರಲ್ಲಿ ಶುಂಠಿ-ನಿಂಬೆ. ಮೂರನೆಯದರಲ್ಲಿ ಜೀರಿಗೆ ಹಾಕಿದ ಪುನರ್ಪುಳಿ. ನಾಲ್ಕನೆಯದರಲ್ಲಿ ನೊರೆನೊರೆಯಾದ ತಣ್ಣನೆಯ ಫಿಲ್ಟರ್ ಕಾಫಿ. "ಎಲ್ಲವೂ ಒಂದೇ ಫ್ರಿಜ್ಜಿನಿಂದ ಬರುತ್ತಿರುವಾಗ ಒಂದೊಂದರ ಗ್ಯಾಸು ಒಂದೊಂದು ಥರ ಹೇಗೆ?" ಎಂದು ಹಿರಿಯರೊಬ್ಬರು ಕೇಳಿದರು. ನಾನು ಉತ್ತರ ಶುರು ಮಾಡುವಷ್ಟರಲ್ಲಿ ಊಟಕ್ಕೆ ಕರೆ ಬಂತು. "ಬರೆದುಕೊಡಿ, ಪತ್ರಿಕೆಗೆ ಹಾಕೋಣ" ಎಂದರು ಸಂಪಾದಕರು. ಕವಿಗಳ ನಡುವೆ ಕಂಪ್ಯೂಟರಿನವನ ಗದ್ಯ. ಸಹಿಸಿಕೊಳ್ಳಬೇಕಾಗಿ ವಿನಂತಿ.

ಮೊದಲೇ ಒಂದು ಮಾತು ಸ್ಪಷ್ಟ ಮಾಡಿಬಿಡುತ್ತೇನೆ. ಈ ಪೆಟ್ಟಿಗೆಗೆ ಹೊರದೇಶಗಳಲ್ಲಿ 'ಕೆಗರೇಟರ್' ಎಂದು ಹೆಸರು. ಕೆಗ್ ಎಂದರೆ ಪೀಪಾಯಿ, ಅದನ್ನು ತಣ್ಣಗಿಡುವ ರೆಫ್ರಿಜರೇಟರ್ ಸೇರಿ ಕೆಗರೇಟರ್. ಅಲ್ಲಿ ಅದರ ಕೆಲಸ ಮನೆಯಲ್ಲೇ ನಾಲ್ಕಾರು ಬಗೆಯ ಡ್ರಾಫ್ಟ್ ಬಿಯರ್ ಹಂಚುವುದು. ಸೌದಿಯಲ್ಲಿ 1952ರಿಂದ ಮದ್ಯ ನಿಷಿದ್ಧ. 2024ರಲ್ಲಿ ರಿಯಾದಿನ ರಾಜತಾಂತ್ರಿಕರ ಬಡಾವಣೆಯಲ್ಲಿ ಮುಸ್ಲಿಮೇತರ ರಾಜತಾಂತ್ರಿಕರಿಗಾಗಿ ಒಂದು ಅಂಗಡಿ ತೆರೆದ ಸುದ್ದಿಯನ್ನು ಎಲ್ಲರೂ ಓದಿದ್ದೇವೆ. ಆದರೆ ನಮ್ಮಂಥ ಸಾಮಾನ್ಯ ಇಕಾಮಾದವರಿಗೆ ಅದರಿಂದ ಏನೂ ಬದಲಾಗಿಲ್ಲ. ಮನೆಯಲ್ಲಿ ಹುಳಿಯಿಸುವ ಸಾಹಸ ಮಾಡಿದವರು ಕೆಲಸ, ಮನೆ, ಮಕ್ಕಳ ಶಾಲೆ ಎಲ್ಲ ಬಿಟ್ಟು ವಿಮಾನ ಹತ್ತಬೇಕಾದೀತು. ಹಾಗಾಗಿ ನಮ್ಮ ಪೆಟ್ಟಿಗೆಯಲ್ಲಿ ಬಿಯರ್ ಇಲ್ಲ, ಇರುವುದೂ ಇಲ್ಲ. ಆದರೆ ವಿಜ್ಞಾನ ಒಂದೇ. ದುಬೈಯಲ್ಲೋ ಅಮೆರಿಕದಲ್ಲೋ ಇರುವ ಓದುಗರು ಆಯಾ ಊರಿನ ಕಾನೂನು ನೋಡಿಕೊಂಡು ಶುಂಠಿ ಎಂದಿದ್ದ ಕಡೆ ಬೇರೆ ಏನಾದರೂ ಓದಿಕೊಳ್ಳಬಹುದು!

ಸೋಡದ ಪೀಪಾಯಿ, ಬಿಯರಿನ ಗುಳ್ಳೆ

ಒಂದು ಸ್ವಾರಸ್ಯ ನೋಡಿ. ಸೋಡ ನೀರು ಹುಟ್ಟಿದ್ದೇ ಬಿಯರ್ ಕಾರ್ಖಾನೆಯಲ್ಲಿ. 1767ರಲ್ಲಿ ಇಂಗ್ಲೆಂಡಿನ ಲೀಡ್ಸ್ ಪಟ್ಟಣದಲ್ಲಿ ಜೋಸೆಫ್ ಪ್ರೀಸ್ಟ್ಲಿ ಎಂಬ ಪಾದ್ರಿ-ವಿಜ್ಞಾನಿ, ಮನೆಯ ಪಕ್ಕದ ಬ್ರೂವರಿಯಲ್ಲಿ ಹುಳಿಯುತ್ತಿದ್ದ ಹಂಡೆಗಳ ಮೇಲೆ ನೀರಿನ ಪಾತ್ರೆ ಹಿಡಿದು ನೋಡಿದ. ಹಂಡೆಯಿಂದ ಏಳುತ್ತಿದ್ದ ಅನಿಲವನ್ನು ನೀರು ಕುಡಿದುಕೊಂಡು ಚುರುಚುರು ಅನ್ನತೊಡಗಿತು. 1772ರಲ್ಲಿ ಆತ ಇದನ್ನು ಪ್ರಕಟಿಸಿದ. ಆ ಅನಿಲವೇ ನಾವು ಈಗ ಇಂಗಾಲದ ಡೈಆಕ್ಸೈಡ್ ಎನ್ನುವುದು.

ಮುಂದೆ ಸಾಲ ತೀರಿದ್ದು ಪೀಪಾಯಿಯ ರೂಪದಲ್ಲಿ. ಇವತ್ತು ಮನೆಯಲ್ಲಿ ಬಿಯರ್ ಮಾಡುವವರೆಲ್ಲ ಬಳಸುವ ಸಪೂರ ಉಕ್ಕಿನ ಪೀಪಾಯಿ ಮೂಲತಃ ತಂಪು ಪಾನೀಯದ್ದು. ಪೆಪ್ಸಿ, ಕೋಕ್ ಕಂಪೆನಿಗಳು ತಮ್ಮ ಸಿರಪ್ಪನ್ನು ಹೋಟೆಲುಗಳಿಗೆ ಸಾಗಿಸುತ್ತಿದ್ದದ್ದು ಇದರಲ್ಲಿ. ಕಾರ್ನೀಲಿಯಸ್ ಎಂಬ ಅಮೆರಿಕದ ಕಂಪೆನಿಯ ಹೆಸರಿನಿಂದ ಇದನ್ನು 'ಕಾರ್ನಿ ಕೆಗ್' ಎನ್ನುತ್ತಾರೆ. ಹಿಡಿಯುವುದು ಸುಮಾರು 19 ಲೀಟರ್. ಸಿರಪ್ಪು ರಟ್ಟಿನ ಡಬ್ಬದೊಳಗಿನ ಪ್ಲಾಸ್ಟಿಕ್ ಚೀಲಕ್ಕೆ ಬದಲಾದಾಗ ಹಳೆಯ ಕೆಗ್ಗುಗಳು ಅಗ್ಗದಲ್ಲಿ ಮಾರಾಟವಾಗಿ ಬಿಯರ್ ಹವ್ಯಾಸಿಗಳ ಪಾಲಾದವು. ಅಂದರೆ ನಮ್ಮ ದಮಾಮಿನ ಪೆಟ್ಟಿಗೆಯಲ್ಲಿ ಸೋಡದ ಕೆಗ್ ಸೋಡಕ್ಕೇ ವಾಪಸಾಗಿದೆ. ತವರಿಗೆ ಬಂದ ಹಾಗೆ.

ಕೆಗ್ಗಿನ ರಚನೆ ಸರಳ. ನೆತ್ತಿಯಲ್ಲಿ ಎರಡು ಬಾಯಿ. ಒಂದರಲ್ಲಿ ಗ್ಯಾಸು ಒಳಗೆ ಹೋಗಿ ಪಾನೀಯದ ಮೇಲಿನ ಖಾಲಿ ಜಾಗದಲ್ಲಿ ನಿಂತು ಕೆಳಕ್ಕೆ ಒತ್ತುತ್ತದೆ. ಇನ್ನೊಂದರಲ್ಲಿ ತಳದವರೆಗೆ ಇಳಿದ ಕೊಳವೆ ಇದೆ. ಒತ್ತಿಸಿಕೊಂಡ ಪಾನೀಯ ಅದರ ಮೂಲಕ ಮೇಲೇರಿ ನಲ್ಲಿಗೆ ಬರುತ್ತದೆ. ಹಾಗಾಗಿ ಗ್ಯಾಸಿಗೆ ಇಲ್ಲಿ ಎರಡು ಕೆಲಸ: ಪಾನೀಯದಲ್ಲಿ ಕರಗಿ ಚುರುಕು ಕೊಡುವುದು, ಪಾನೀಯವನ್ನು ಹೊರಕ್ಕೆ ತಳ್ಳುವುದು. ಎಲ್ಲ ತಾಪತ್ರಯಕ್ಕೂ ಮೂಲ ಈ ಎರಡು ಕೆಲಸ ಒಂದೇ ಗ್ಯಾಸಿನ ತಲೆಗೆ ಬಿದ್ದಿರುವುದು.

ಗೋಲಿ ಸೋಡದ ಗಣಿತ

ಊರ ಜಾತ್ರೆಯ ಗೋಲಿ ಸೋಡ ನೆನಪು ಮಾಡಿಕೊಳ್ಳಿ. 1872ರಲ್ಲಿ ಹೈರಮ್ ಕಾಡ್ ಎಂಬ ಇಂಗ್ಲಿಷಿನವ ಪೇಟೆಂಟ್ ಮಾಡಿದ ಬಾಟಲಿ ಅದು. ಒಳಗಿನ ಗ್ಯಾಸೇ ಗೋಲಿಯನ್ನು ರಬ್ಬರಿನ ಉಂಗುರಕ್ಕೆ ಒತ್ತಿ ಹಿಡಿದಿರುತ್ತದೆ. ಗೋಲಿಯನ್ನು ಒಳಕ್ಕೆ ತಳ್ಳಿದ ಕೂಡಲೇ 'ಟಪ್' ಎಂದು ಒತ್ತಡ ಇಳಿದು, ಅಲ್ಲಿಯವರೆಗೆ ಶಾಂತವಾಗಿದ್ದ ನೀರಿನಿಂದ ಗುಳ್ಳೆಗಳು ಏಳುತ್ತವೆ. ಒತ್ತಡ ಇದ್ದಷ್ಟು ಹೊತ್ತು ಗ್ಯಾಸು ನೀರಿನೊಳಗೆ, ಒತ್ತಡ ಹೋದರೆ ಹೊರಗೆ. 1803ರಲ್ಲಿ ವಿಲಿಯಂ ಹೆನ್ರಿ ಇದನ್ನೇ ನಿಯಮವಾಗಿ ಹೇಳಿದ: ದ್ರವದಲ್ಲಿ ಕರಗುವ ಅನಿಲದ ಪ್ರಮಾಣ ಅದರ ಮೇಲಿನ ಆ ಅನಿಲದ ಒತ್ತಡಕ್ಕೆ ಅನುಗುಣವಾಗಿರುತ್ತದೆ. ಇದಕ್ಕೆ ಒಂದು ಬಾಲ ಸೇರಿಸಿಕೊಳ್ಳಿ: ದ್ರವ ತಣ್ಣಗಿದ್ದಷ್ಟೂ ಹೆಚ್ಚು ಕರಗುತ್ತದೆ.

ಚುರುಕನ್ನು ಅಳೆಯುವ ಮಾನಕ್ಕೆ 'ವಾಲ್ಯೂಮ್' ಎನ್ನುತ್ತಾರೆ. ಒಂದು ಲೀಟರ್ ಪಾನೀಯದಲ್ಲಿ ಒಂದು ಲೀಟರ್ ಗ್ಯಾಸು ಕರಗಿದ್ದರೆ ಒಂದು ವಾಲ್ಯೂಮ್, ತೂಕದಲ್ಲಿ ಎರಡು ಗ್ರಾಮಿಗೆ ತುಸು ಕಡಿಮೆ. ಇಂಗ್ಲಿಷ್ ಏಲ್ ಎಂಬ ಸೌಮ್ಯ ಬಿಯರಿಗೆ 2 ಅಥವಾ ಅದಕ್ಕೂ ಕಡಿಮೆ. ನಮ್ಮೂರಲ್ಲಿ ಎಲ್ಲರಿಗೂ ಗೊತ್ತಿರುವ ಲಾಗರಿಗೆ 2.5ರ ಆಸುಪಾಸು. ಜರ್ಮನಿಯ ಗೋಧಿ ಬಿಯರಿಗೆ 3ಕ್ಕೂ ಮೇಲೆ. ಒಳ್ಳೆಯ ಖಾರದ ಸೋಡಕ್ಕೆ 4.

ಈಗ ಫ್ರಿಜ್ಜು 4 ಡಿಗ್ರಿ ಸೆಲ್ಸಿಯಸ್‌ನಲ್ಲಿದೆ ಎಂದುಕೊಳ್ಳಿ. ಆಗ ಬೇಕಾಗುವ ಒತ್ತಡ, ಗೇಜಿನ ಮೇಲೆ ಕಾಣುವ ಪಿಎಸ್‌ಐ ಲೆಕ್ಕದಲ್ಲಿ, ಸುಮಾರಾಗಿ ಹೀಗೆ:

2 ವಾಲ್ಯೂಮ್‌ಗೆ 6ರಿಂದ 7
2.5 ವಾಲ್ಯೂಮ್‌ಗೆ 12
3 ವಾಲ್ಯೂಮ್‌ಗೆ 17
4 ವಾಲ್ಯೂಮ್‌ಗೆ 28

ಅದೇ 4 ವಾಲ್ಯೂಮ್ ಸೋಡವನ್ನು ಏಸಿ ಹಾಕಿದ 24 ಡಿಗ್ರಿಯ ಕೋಣೆಯಲ್ಲಿ ಇಟ್ಟುಕೊಳ್ಳಬೇಕಾದರೆ 57 ಪಿಎಸ್‌ಐ ಬೇಕು. ತಂಪು ಎಷ್ಟು ಕೆಲಸ ಉಳಿಸುತ್ತದೆ ಎಂಬುದಕ್ಕೆ ಇದೇ ಸಾಕ್ಷಿ.

ಹಿರಿಯರ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ. ಫ್ರಿಜ್ಜು ಒಂದು, ಆದ್ದರಿಂದ ಉಷ್ಣತೆ ಒಂದೇ. ಅದನ್ನು ಮುಟ್ಟುವ ಹಾಗಿಲ್ಲ. ಬೇರೆ ಬೇರೆ ಮಾಡಬೇಕಾದದ್ದು ಒತ್ತಡವನ್ನು. ಒತ್ತಡ ಬೇರೆಯಾದ ಮೇಲೆ ಕೊಳವೆಯ ಉದ್ದವೂ ಬೇರೆಯಾಗಬೇಕು. ಇಷ್ಟೇ ಸೂತ್ರ. ಇದು ನನಗೆ ತಿಳಿಯಲು ಎರಡು ತಿಂಗಳು ಹಿಡಿಯಿತು.

ಎಲ್ಲರಿಗೂ ಒಂದೇ ಅಳತೆ ಹೊಲಿದ ಕಥೆ

ಮೊದಲು ನಾನು ಮಾಡಿದ್ದು ಎಲ್ಲರೂ ಮಾಡುವ ತಪ್ಪು. ಒಂದು ಸಿಲಿಂಡರು, ಒಂದು ರೆಗ್ಯುಲೇಟರು, ಅದರಿಂದ ನಾಲ್ಕು ಕವಲು. ಒತ್ತಡ 12ಕ್ಕೆ ಇಟ್ಟೆ. ಪುನರ್ಪುಳಿ ಸೊಗಸಾಗಿ ಬಂತು. ಸೋಡ ಮಾತ್ರ ನಿನ್ನೆ ಮುಚ್ಚಳ ತೆರೆದಿಟ್ಟ ಬಾಟಲಿಯ ಹಾಗೆ ಸಪ್ಪೆ. ಸಿಟ್ಟಿನಲ್ಲಿ 28ಕ್ಕೆ ಏರಿಸಿದೆ. ಸೋಡ ಖಾರವಾಯಿತು. ನಾಲ್ಕು ದಿನದ ನಂತರ ಪುನರ್ಪುಳಿಯ ನಲ್ಲಿ ತಿರುಗಿಸಿದರೆ ಲೋಟದ ತುಂಬ ಗುಲಾಬಿ ನೊರೆ, ತಳದಲ್ಲಿ ಎರಡು ಚಮಚ ಪಾನೀಯ, ಗೋಡೆಯ ಮೇಲೆ ಹೋಳಿ ಹಬ್ಬ. "ಸುಣ್ಣ ಬಳಿಯುವ ಖರ್ಚು ನಿಮ್ಮ ಹವ್ಯಾಸದ ಲೆಕ್ಕಕ್ಕೆ" ಎಂದಳು ನನ್ನಾಕೆ.

"ಆರಂಭದಲ್ಲಿ ಬೇರೆ ಬೇರೆ ಪ್ರಮಾಣದಲ್ಲಿ ಗ್ಯಾಸು ತುಂಬಿ, ಆಮೇಲೆ ಎಲ್ಲವನ್ನೂ ಒಂದೇ ಒತ್ತಡಕ್ಕೆ ಜೋಡಿಸಿದರೆ ಆಗದೇ?" ಎಂದು ಗೆಳೆಯರೊಬ್ಬರು ಕೇಳಿದರು. ಒಂದೆರಡು ದಿನ ಆಗುತ್ತದೆ. ಆದರೆ ಹೆನ್ರಿಯ ನಿಯಮಕ್ಕೆ ಮರೆವಿಲ್ಲ. ಜೋಡಿಸಿಟ್ಟ ಕೆಗ್ಗು ವಾರ-ಹತ್ತು ದಿನದಲ್ಲಿ ನಿಧಾನವಾಗಿ ಆ ಒತ್ತಡಕ್ಕೆ ತಕ್ಕ ಚುರುಕಿಗೇ ಬಂದು ನಿಲ್ಲುತ್ತದೆ. ಹೆಚ್ಚಿದ್ದದ್ದು ಇಳಿಯುತ್ತದೆ, ಕಡಿಮೆ ಇದ್ದದ್ದು ಏರುತ್ತದೆ.

ಸರಿಯಾದ ದಾರಿ ಎಂದರೆ ಎರಡು ಹಂತದ ರೆಗ್ಯುಲೇಟರು. ಸಿಲಿಂಡರಿನ ಮೇಲಿರುವ ಮುಖ್ಯ ರೆಗ್ಯುಲೇಟರು ಒಳಗಿನ ಭಾರೀ ಒತ್ತಡವನ್ನು 40 ಪಿಎಸ್‌ಐಗೆ ಇಳಿಸುತ್ತದೆ. ಆಮೇಲೆ ಸಾಲಾಗಿ ನಿಂತ ಮರಿ ರೆಗ್ಯುಲೇಟರುಗಳು ಪ್ರತಿ ಕೆಗ್ಗಿಗೂ ಅದರದರ ಪಾಲನ್ನು ಕೊಡುತ್ತವೆ: ಸೋಡಕ್ಕೆ 28, ಶುಂಠಿ-ನಿಂಬೆಗೆ 17, ಪುನರ್ಪುಳಿಗೆ 12. ಹಳ್ಳಿಯ ಕಾಲುವೆಯಲ್ಲಿ ದೊಡ್ಡ ತೂಬು, ಗದ್ದೆಗೊಂದು ಸಣ್ಣ ತೂಬು ಇದ್ದಂತೆ. ದೊಡ್ಡ ತೂಬಿನ ಮಟ್ಟ ಯಾವಾಗಲೂ ಸಣ್ಣ ತೂಬುಗಳಲ್ಲಿ ಅತಿ ಎತ್ತರದ್ದಕ್ಕಿಂತ ಮೇಲಿರಬೇಕು, ಅಷ್ಟೇ.

ಎರಡು ಸಣ್ಣ ಎಚ್ಚರಿಕೆ. ಪ್ರತಿ ಕವಲಿನಲ್ಲೂ ಒಂದೇ ದಿಕ್ಕಿಗೆ ತೆರೆಯುವ ಕವಾಟ ಇರಲಿ. ಇಲ್ಲದಿದ್ದರೆ ಸಿಲಿಂಡರು ಮುಗಿದ ದಿನ ಒಂದು ಕೆಗ್ಗಿನ ಪಾನೀಯ ಗ್ಯಾಸಿನ ಕೊಳವೆಯಲ್ಲಿ ಹಿಂದಕ್ಕೆ ಹರಿದು ರೆಗ್ಯುಲೇಟರಿನೊಳಗೆ ಅಂಟು ಹಿಡಿಸುತ್ತದೆ. ಇನ್ನೊಂದು: ರೆಗ್ಯುಲೇಟರನ್ನು ಇಳಿಸಿದ ಮಾತ್ರಕ್ಕೆ ಕೆಗ್ಗಿನೊಳಗಿನ ಒತ್ತಡ ಇಳಿಯುವುದಿಲ್ಲ. ಕೆಗ್ಗಿನ ಮುಚ್ಚಳದ ಮೇಲಿನ ಸುರಕ್ಷತಾ ಕವಾಟ ಎಳೆದು ಹೆಚ್ಚಿನ ಗ್ಯಾಸನ್ನು ಬಿಡಬೇಕು.

ಮರಿ ರೆಗ್ಯುಲೇಟರುಗಳಿಗೆ ದುಡ್ಡು ಹಾಕಲು ಮನಸ್ಸಿಲ್ಲದವರಿಗೆ ಬಡವರ ಉಪಾಯವೂ ಇದೆ. ಕಡಿಮೆ ಚುರುಕಿನ ಕೆಗ್ಗಿನಿಂದ ಗ್ಯಾಸಿನ ಕೊಳವೆಯನ್ನು ಕಳಚಿಟ್ಟು, ಬಡಿಸುವಾಗ ಮಾತ್ರ ಕ್ಷಣಕಾಲ ಜೋಡಿಸಿ ತಳ್ಳಲು ಬೇಕಾದಷ್ಟು ಕೊಡುವುದು. ಒಂದು ಸಂಜೆಯ ಕೂಟಕ್ಕೆ ಇದು ಧಾರಾಳ ಸಾಕು.

ಉದ್ದ ಕೊಳವೆಯ ಮಹಿಮೆ

ಒತ್ತಡ ಬೇರೆ ಮಾಡಿದ ಮೇಲೂ ಸೋಡದ ನಲ್ಲಿ ಬರೀ ನೊರೆ ಕಾರುತ್ತಿತ್ತು. ಕಾರಣ ಗೋಲಿ ಸೋಡದ್ದೇ. 28 ಪಿಎಸ್‌ಐನಲ್ಲಿದ್ದ ನೀರು ನಲ್ಲಿಯ ಬಾಯಲ್ಲಿ ಒಮ್ಮೆಗೇ ಸೊನ್ನೆಗೆ ಬಿದ್ದರೆ ಒಳಗಿನ ಗ್ಯಾಸು ಗಾಬರಿಯಾಗಿ ಎದ್ದು ಓಡುತ್ತದೆ. ಅದನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು. ಆ ಮೆಟ್ಟಿಲೇ ಕೊಳವೆ. ಸಪೂರ ಕೊಳವೆಯಲ್ಲಿ ಹರಿಯುವಾಗ ಗೋಡೆಗೆ ಉಜ್ಜಿ ಉಜ್ಜಿ ಒತ್ತಡ ಸವೆಯುತ್ತ ಹೋಗಿ, ನಲ್ಲಿ ತಲುಪುವಾಗ ತಳ್ಳುವಷ್ಟು ಮಾತ್ರ ಉಳಿದಿರುತ್ತದೆ.

ಸಾಮಾನ್ಯವಾಗಿ ಸಿಗುವ ಕೊಳವೆಯ ಒಳವ್ಯಾಸ ಒಂದು ಇಂಚಿನ ಹದಿನಾರನೇ ಮೂರು ಭಾಗ, ಅಂದರೆ 4.76 ಮಿಲಿಮೀಟರ್. ನನ್ನ ಅನುಭವದಲ್ಲಿ 12 ಪಿಎಸ್‌ಐಗೆ 10 ಅಡಿ, 17ಕ್ಕೆ 15 ಅಡಿ, 28ಕ್ಕೆ 25 ಅಡಿ ಕೊಳವೆ ಸುತ್ತಿಟ್ಟರೆ ಹರಿವು ಹದವಾಗಿರುತ್ತದೆ. ಸುರುಳಿ ಸುತ್ತಿ ಕೆಗ್ಗಿನ ಹೆಗಲ ಮೇಲೆ ಕೂರಿಸಬೇಕು. 25 ಅಡಿ ಕೊಳವೆ ಫ್ರಿಜ್ಜಿನೊಳಗೆ ಹೆಬ್ಬಾವಿನಂತೆ ಮಲಗಿರುತ್ತದೆ, ಹೆದರಬೇಡಿ. ಜಾಗ ಇಲ್ಲದವರು 4 ಮಿಲಿಮೀಟರ್ ಕೊಳವೆ ಹಾಕಬಹುದು. ಹರಿವು ಅಷ್ಟೇ ಇದ್ದರೆ ಇಂಥ ರಭಸದಲ್ಲಿ ತಡೆ ವ್ಯಾಸದ ಐದನೇ ಘಾತಕ್ಕೆ ವಿಲೋಮವಾಗಿ ಬದಲಾಗುತ್ತದೆ. ಮುಕ್ಕಾಲು ಮಿಲಿಮೀಟರಿನ ವ್ಯತ್ಯಾಸಕ್ಕೆ ತಡೆ ಎರಡು ಪಟ್ಟಿಗೂ ಮಿಗಿಲಾಗುತ್ತದೆ, ಉದ್ದ ಅರ್ಧಕ್ಕಿಂತ ಕಡಿಮೆ ಸಾಕು. ಹರಿವನ್ನು ಬಿಗಿ-ಸಡಿಲ ಮಾಡುವ ತಿರುಪು ಇರುವ ನಲ್ಲಿಗಳೂ ಸಿಗುತ್ತವೆ.

ಇನ್ನು ನಲ್ಲಿಯನ್ನು ಅರ್ಧ ತೆರೆಯುವ ಅಭ್ಯಾಸ. ನೊರೆ ಬರುತ್ತಿದೆ ಎಂದು ನಾವು ಮೆಲ್ಲಗೆ ತೆರೆಯುತ್ತೇವೆ. ಅದರಿಂದ ಆ ಸಂದಿಯಲ್ಲೇ ಒತ್ತಡ ಒಮ್ಮೆಗೇ ಬಿದ್ದು ನೊರೆ ಇನ್ನೂ ಹೆಚ್ಚುತ್ತದೆ. ಲೋಟ ಓರೆ ಮಾಡಿ, ನಲ್ಲಿ ಪೂರ್ತಿ ತೆರೆಯಿರಿ.

ದಮಾಮಿನ ಆಗಸ್ಟು

ರಿಯಾದಿನ ಗೆಳೆಯರಿಗೆ ಇಲ್ಲದ ಒಂದು ಕಾಟ ಕರಾವಳಿಯ ನಮಗಿದೆ. ಆಗಸ್ಟಿನಲ್ಲಿ ಸೆಖೆಯ ಜೊತೆಗೆ ತೇವ. ತಣ್ಣಗಿನ ಉಕ್ಕಿನ ಕಂಬ ಬೆವೆತು ತಳದಲ್ಲಿ ಕೊಳ ಕಟ್ಟುತ್ತದೆ. ಕಂಬ ಬಿಸಿಯಾದರೆ ಬೆವರುವುದಿಲ್ಲ ನಿಜ, ಆದರೆ ಅದರೊಳಗಿನ ಕೊಳವೆಯಲ್ಲಿ ನಿಂತ ಪಾನೀಯ ಬೆಚ್ಚಗಾಗಿ ಮೊದಲ ಲೋಟ ಪೂರ್ತಿ ನೊರೆಯಾಗುತ್ತದೆ. ಎರಡನೇ ಲೋಟ ಸರಿ ಬರುತ್ತದೆ, ಮೊದಲನೆಯದು ಮಾತ್ರ ಹಾಳು ಎಂದಾದರೆ ರೋಗ ಇದೇ ಎಂದು ತಿಳಿಯಿರಿ. ಕಂಪ್ಯೂಟರಿನ ಹಳೆಯ ಸಣ್ಣ ಫ್ಯಾನೊಂದನ್ನು ಫ್ರಿಜ್ಜಿನೊಳಗಿಟ್ಟು, ಒಂದು ಕೊಳವೆಯ ಮೂಲಕ ತಣ್ಣನೆ ಗಾಳಿಯನ್ನು ಕಂಬದೊಳಕ್ಕೆ ಊದಿಸಿದೆ. ಹೊರಗಡೆ ಉಷ್ಣ ತಡೆಯುವ ಸ್ಪಂಜು ಸುತ್ತಿದೆ. ಎರಡೂ ಕಾಟ ಹೋದವು. ಅದೇ ಫ್ಯಾನಿನಿಂದ ಫ್ರಿಜ್ಜಿನ ತಳಕ್ಕೂ ನೆತ್ತಿಗೂ ಇದ್ದ ಉಷ್ಣತೆಯ ವ್ಯತ್ಯಾಸವೂ ಕರಗಿತು.

ನೊರೆ ಇರಲಿ, ಚುರುಕು ಬೇಡ

ಕಾಫಿಯದ್ದು ಬೇರೆಯೇ ಜಾತಿ. ಇಂಗಾಲದ ಡೈಆಕ್ಸೈಡ್ ನೀರಿನಲ್ಲಿ ಕರಗಿ ಹುಳಿ ಕೊಡುತ್ತದೆ. ಸೋಡಕ್ಕೆ ಅದು ಭೂಷಣ, ಕಾಫಿಗೆ ದೂಷಣ. ಅಲ್ಲಿ ಬಳಸುವುದು ನೈಟ್ರೋಜನ್. ನೀರಿನಲ್ಲಿ ಅದು ಕರಗುವುದು ಇಂಗಾಲದ ಡೈಆಕ್ಸೈಡಿನ ಐವತ್ತರಲ್ಲೊಂದು ಪಾಲಿಗಿಂತಲೂ ಕಡಿಮೆ. ಹಾಗಾಗಿ 35 ಪಿಎಸ್‌ಐ ಕೊಟ್ಟರೂ ಚುರುಕಿಲ್ಲ. ಆದರೆ ಸಣ್ಣ ತೂತುಗಳ ಬಿಲ್ಲೆಯಿರುವ ವಿಶೇಷ ನಲ್ಲಿಯಲ್ಲಿ ಹಾದು ಬರುವಾಗ, ಕರಗಿದ್ದ ಚೂರುಪಾರು ನೈಟ್ರೋಜನ್ ಅತಿ ಸೂಕ್ಷ್ಮ ಗುಳ್ಳೆಗಳಾಗಿ ಹೊಮ್ಮಿ ಕೆನೆಯಂಥ ನೊರೆ ಕಟ್ಟುತ್ತದೆ. ಐರ್ಲೆಂಡಿನ ಗಿನ್ನೆಸ್ ಸ್ಟೌಟಿಗೆ ಈ ನೊರೆ ಬಂದದ್ದು 1959ರಲ್ಲಿ. ಕಂಡುಹಿಡಿದವರು ಆ ಕಂಪೆನಿಯಲ್ಲಿದ್ದ ಮೈಕೆಲ್ ಆಶ್ ಎಂಬ ಗಣಿತಜ್ಞ. ಬಿಯರಿಗೆ ಎರಡೂ ಅನಿಲಗಳ ಮಿಶ್ರಣ ಬಳಸುತ್ತಾರೆ, ಕಾಫಿಗೆ ಬರೀ ನೈಟ್ರೋಜನ್ ಸಾಕು. ಇದಕ್ಕೆ ಸಿಲಿಂಡರೂ ಬೇರೆ, ರೆಗ್ಯುಲೇಟರೂ ಬೇರೆ. ಒಂದರ ತಿರುಪು ಇನ್ನೊಂದಕ್ಕೆ ಕೂರುವುದಿಲ್ಲ, ಕೂರಿಸಲು ಹೋಗಲೂಬೇಡಿ.

ರಾಮನವಮಿಯ ವಾರ ಈ ನಾಲ್ಕನೇ ನಲ್ಲಿ ಪಾನಕಕ್ಕೆ ಮೀಸಲು. "ಪಾನಕಕ್ಕೆ ಗ್ಯಾಸು ಸೇರಿಸಿದರೆ ನಾನು ಕುಡಿಯುವುದಿಲ್ಲ" ಎಂದು ಅಮ್ಮ ಮೊದಲೇ ಎಚ್ಚರಿಸಿದ್ದರು. ನೈಟ್ರೋಜನ್ ತಳ್ಳುತ್ತದೆ, ಸೇರುವುದಿಲ್ಲ. ಕೊಳವೆ-ನಲ್ಲಿ ಬದಲಿಸಿ ಒತ್ತಡ 10ಕ್ಕೆ ಇಳಿಸಿದರೆ ಬೆಲ್ಲ, ಏಲಕ್ಕಿ, ಶುಂಠಿಯ ಪಾನಕ ಕೊಡದಿಂದ ಬಗ್ಗಿಸಿದ ಹಾಗೆಯೇ ಬರುತ್ತದೆ. ಅಮ್ಮ ಎರಡು ಲೋಟ ಕುಡಿದರು.

ತಾನಾಗಿ ಗುಳ್ಳೆ ಬಂದರೆ

ಈಗ ಸ್ವಲ್ಪ ಗಂಭೀರ ವಿಷಯ. ಹಣ್ಣಿನ ರಸ, ಸಕ್ಕರೆ, ಬೆಚ್ಚನೆ ಹವೆ ಸೇರಿದರೆ ಗಾಳಿಯಲ್ಲಿರುವ ಯೀಸ್ಟು ಯಾರ ಅಪ್ಪಣೆಗೂ ಕಾಯುವುದಿಲ್ಲ. ಎರಡು ದಿನ ಹೊರಗಿಟ್ಟ ಪುನರ್ಪುಳಿ ತಾನೇ ಗುಳ್ಳೆ ಬಿಡತೊಡಗುತ್ತದೆ. ಆ ಗುಳ್ಳೆಯ ಜೊತೆಗೆ ಹುಟ್ಟುವುದು ಮದ್ಯಸಾರ. ಹೊರದೇಶದ ಶುಂಠಿ ಬಿಯರಿನ ಪಾಕವಿಧಾನಗಳಲ್ಲಿ ಬಹುಪಾಲು ಹೀಗೆ ಹುಳಿಯಿಸುವಂಥವೇ. ಇಲ್ಲಿ ಅವನ್ನು ಅನುಸರಿಸಲೇಬೇಡಿ. ಸಿಲಿಂಡರಿನಿಂದ ಗ್ಯಾಸು ಕೊಡುವುದರ ದೊಡ್ಡ ಲಾಭ ಇದೇ: ಹುಳಿಯುವ ಪ್ರಸಂಗವೇ ಇಲ್ಲದೆ ಚುರುಕು ಬರುತ್ತದೆ.

ನನ್ನ ಕ್ರಮ ಹೀಗೆ. ಶರಬತ್ತನ್ನು ಕುದಿಸಿ, ಆರಿಸಿ, ಬಟ್ಟೆಯಲ್ಲಿ ಎರಡು ಸಲ ಸೋಸಿ, ಸ್ವಚ್ಛ ಮಾಡಿದ ಕೆಗ್ಗಿಗೆ ಅಂದೇ ತುಂಬಿ 4 ಡಿಗ್ರಿಗೆ ಸೇರಿಸುತ್ತೇನೆ. ಹತ್ತು ದಿನದೊಳಗೆ ಮುಗಿಸುತ್ತೇನೆ. ರಜೆಗೆ ಊರಿಗೆ ಹೋಗುವಾಗ ಅರ್ಧ ಕೆಗ್ಗು ಉಳಿದಿದ್ದರೂ ಚೆಲ್ಲಿಬಿಡುತ್ತೇನೆ. ಕರೆಂಟು ಹೋಗಿ ಫ್ರಿಜ್ಜು ನಿಂತರೆ ಒಳಗೆ ಏನಾಗುತ್ತದೆ ಎಂದು ಮಂಗಳೂರಿನಲ್ಲಿ ಕೂತು ಯೋಚಿಸುವುದು ಬೇಡ.

ಒಮ್ಮೆ ಮನೆಯ ಮಾಲೀಕರು ಏಸಿ ರಿಪೇರಿ ನೋಡಲು ಬಂದರು. ವಯಸ್ಸಾದ ಸೌದಿ ಗೃಹಸ್ಥರು. ನಾಲ್ಕು ನಲ್ಲಿ ಕಂಡು ಅವರ ಮುಖ ಬಿಗಿಯಿತು. "ಏಶ್ ಹಾದಾ?" ಎಂದರು. ಇದೇನು ಎಂಬ ಆ ಎರಡು ಪದಗಳ ಹಿಂದೆ ಏನಿದೆ ಎಂದು ನನಗೂ ಗೊತ್ತು, ಅವರಿಗೂ ಗೊತ್ತು. ನಾನು ಮಾತಾಡದೆ ಫ್ರಿಜ್ಜಿನ ಬಾಗಿಲು ತೆರೆದೆ, ಕೆಗ್ಗಿನ ಮುಚ್ಚಳವನ್ನೂ ತೆರೆದೆ. ಶುಂಠಿ-ನಿಂಬೆಯ ವಾಸನೆ ಬಂತು. ಒಂದು ಲೋಟ ಬಗ್ಗಿಸಿ ಮೊದಲು ನಾನೇ ಒಂದು ಗುಟುಕು ಕುಡಿದೆ. ಅವರಿಗೆ ಇನ್ನೊಂದು ಲೋಟ ಕೊಟ್ಟೆ. ಮೂಗಿಗೆ ಹಿಡಿದು ನೋಡಿ, ಕುಡಿದು, ನಕ್ಕರು. ಬಾಲ್ಯದಲ್ಲಿ ಜಿದ್ದಾದಲ್ಲಿ ರಂಜಾನಿನ ಸಂಜೆ ಕುಡಿಯುತ್ತಿದ್ದ 'ಸೋಬಿಯಾ' ನೆನಪಾಯಿತಂತೆ. ಬಾರ್ಲಿ, ದಾಲ್ಚಿನ್ನಿ, ಏಲಕ್ಕಿಯ ಹಿಜಾಜಿನ ಪಾನೀಯ ಅದು. ಹೊರಡುವಾಗ ಮೆಲ್ಲಗೆ ಹೇಳಿದರು: "ನಲ್ಲಿಯ ಮೇಲೆ ಹೆಸರು ಬರೆದು ಅಂಟಿಸು." ಅಂದಿನಿಂದ ಪ್ರತಿ ನಲ್ಲಿಗೂ ಅರಬ್ಬಿಯಲ್ಲೂ ಕನ್ನಡದಲ್ಲೂ ಚೀಟಿ ಇದೆ.

ಒಂದು ಗುರುವಾರದ ರಾತ್ರಿ

ಇದನ್ನು ಬರೆಯಬೇಕೋ ಬೇಡವೋ ಎಂದು ಯೋಚಿಸಿದೆ. ಬರೆಯದಿದ್ದರೆ ಮೇಲಿನದೆಲ್ಲ ಅರ್ಧಸತ್ಯವಾಗುತ್ತದೆ.

ಆರಂಭದಲ್ಲಿ ಪೆಟ್ಟಿಗೆ ಅಡುಗೆಮನೆಯಲ್ಲಿರಲಿಲ್ಲ, ಮಜ್ಲಿಸ್ ಕೋಣೆಯಲ್ಲಿತ್ತು. ಒಂದು ಗುರುವಾರ ಜುಬೈಲಿನಿಂದ ಬಂದ ಗೆಳೆಯರು ತಡವಾಯಿತೆಂದು ಅಲ್ಲೇ ಹಾಸಿಗೆ ಹಾಸಿ ಮಲಗಿದರು. ಕಿಟಕಿ ಮುಚ್ಚಿ, ಏಸಿ ಹಾಕಿ. ಬೆಳಗ್ಗೆ ಎದ್ದವರಿಗೆ ವಿಪರೀತ ತಲೆನೋವು, ಮಂಕು. ಮಧ್ಯಾಹ್ನ ಸೋಡ ಹಿಡಿಯಲು ಹೋದಾಗ ಸಿಲಿಂಡರು ಖಾಲಿ. ಸಿಲಿಂಡರು ಬದಲಿಸುವಾಗ ನಾನೇ ವಾಷರನ್ನು ಸರಿಯಾಗಿ ಕೂರಿಸಿರಲಿಲ್ಲ. ರಾತ್ರಿಯಿಡೀ ಸೋರಿತ್ತು.

ಆ ಸಂಜೆ ಕಾಗದ ಹಿಡಿದು ಲೆಕ್ಕ ಹಾಕಿದೆ. ಒಂದು ಕಿಲೋ ಗ್ಯಾಸು ಕೋಣೆಯ ಉಷ್ಣತೆಯಲ್ಲಿ ಸುಮಾರು 550 ಲೀಟರ್ ಆಗಿ ಹರಡುತ್ತದೆ. ಸಿಲಿಂಡರಿನಲ್ಲಿ ಉಳಿದಿದ್ದದ್ದು ಎರಡೂವರೆ ಕಿಲೋ, ಅಂದರೆ 1,400 ಲೀಟರಿನ ಹತ್ತಿರ. ನಾಲ್ಕು ಮೀಟರ್ ಉದ್ದ, ನಾಲ್ಕು ಅಗಲ, ಮೂರು ಎತ್ತರದ ಕೋಣೆಯಲ್ಲಿ ಗಾಳಿ 48,000 ಲೀಟರ್. ಗ್ಯಾಸೆಲ್ಲ ಅಲ್ಲೇ ಉಳಿದಿದ್ದರೆ ಶೇಕಡಾ 3ರ ಸಮೀಪ. ಹೊರಗಿನ ಗಾಳಿಯಲ್ಲಿರುವುದು ಶೇಕಡಾ 0.04ರಷ್ಟು. ಕಾರ್ಖಾನೆಗಳಲ್ಲಿ ಎಂಟು ಗಂಟೆಯ ಪಾಳಿಗೆ ಮಿತಿ 0.5. ಶೇಕಡಾ 4 ಎಂದರೆ ತಕ್ಷಣದ ಪ್ರಾಣಾಪಾಯದ ಮಟ್ಟ. ಗಾಳಿಗಿಂತ ಒಂದೂವರೆ ಪಟ್ಟು ಭಾರದ ಅನಿಲ ಅದು, ನೆಲದ ಹಾಸಿಗೆಯ ಎತ್ತರದಲ್ಲಿ ಹೆಚ್ಚು ನಿಲ್ಲುತ್ತದೆ. ಬಚ್ಚಲಿಗೆ ಎದ್ದು ಹೋದ ಗೆಳೆಯರು ಬಾಗಿಲನ್ನು ಪೂರ್ತಿ ಮುಚ್ಚದೆ ಬಿಟ್ಟಿದ್ದರು. ಸಿಲಿಂಡರು ತುಂಬಿರಲಿಲ್ಲ. ಎರಡೂ ನನ್ನ ಜಾಣತನವಲ್ಲ. ಅವರಿಗೆ ಫೋನು ಮಾಡಿ ವಿಷಯ ತಿಳಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮುಂದಿನ ಸಲ ನಾನು ರಾತ್ರಿಯೇ ಡ್ರೈವ್ ಮಾಡಿಕೊಂಡು ಹೋಗ್ತೇನೆ ಮಾರಾಯ್ರೆ" ಎಂದರು. ನಕ್ಕರು, ಆದರೆ ಅಷ್ಟೇನೂ ಜೋರಾಗಿ ಅಲ್ಲ.

ಅಂದಿನಿಂದ ನಿಯಮಗಳು ಇವು. ಸಿಲಿಂಡರು ಮಲಗುವ ಕೋಣೆಯಲ್ಲಿ ಇರಕೂಡದು, ಗಾಳಿಯಾಡುವ ಜಾಗದಲ್ಲಿ ಗೋಡೆಗೆ ಸರಪಳಿ ಹಾಕಿ ನೆಟ್ಟಗೆ ನಿಲ್ಲಿಸಬೇಕು. ಪ್ರತಿ ಜೋಡಣೆಗೂ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಬೇಕು. ಮಂಡಿಯ ಎತ್ತರದಲ್ಲಿ ಈ ಅನಿಲವನ್ನೇ ಗುರುತಿಸುವ ಅಲಾರಾಂ ಇರಬೇಕು, ಹೊಗೆಯ ಅಲಾರಾಂ ಸಾಲದು. ನೈಟ್ರೋಜನ್ ಸೋರಿದರೆ ಈ ಅಲಾರಾಮಿಗೂ ತಿಳಿಯುವುದಿಲ್ಲ, ವಾಸನೆಯೂ ಇಲ್ಲ. ಕೂಟ ಮುಗಿದ ಮೇಲೆ ಎರಡೂ ಸಿಲಿಂಡರುಗಳ ಮುಖ್ಯ ಕವಾಟ ಮುಚ್ಚಿಯೇ ಮಲಗಬೇಕು.

ಇನ್ನೊಂದು ನಮ್ಮ ಊರಿನ ಬಿಸಿಲಿಗೆ ಸಂಬಂಧಿಸಿದ್ದು. ಸಿಲಿಂಡರಿನೊಳಗೆ ಇಂಗಾಲದ ಡೈಆಕ್ಸೈಡ್ ದ್ರವರೂಪದಲ್ಲಿರುತ್ತದೆ. 21 ಡಿಗ್ರಿಯಲ್ಲಿ ಅದರ ಒತ್ತಡ ಸುಮಾರು 850 ಪಿಎಸ್‌ಐ. 31 ಡಿಗ್ರಿ ದಾಟಿದರೆ ದ್ರವ-ಅನಿಲ ಎಂಬ ಭೇದವೇ ಉಳಿಯದೆ ಒತ್ತಡ ಸರಸರನೆ ಏರುತ್ತದೆ. ಪೂರ್ತಿ ತುಂಬಿದ ಸಿಲಿಂಡರು 50 ಡಿಗ್ರಿ ತಲುಪಿದರೆ ಒತ್ತಡ ಇಮ್ಮಡಿ ಮೀರುತ್ತದೆ. ಜುಲೈ ಮಧ್ಯಾಹ್ನ ನಿಲ್ಲಿಸಿದ ಕಾರಿನ ಡಿಕ್ಕಿಯಲ್ಲಿ 50 ಎಂಬುದು ದೊಡ್ಡ ಮಾತಲ್ಲ. ತುಂಬಿಸಿಕೊಂಡ ಸಿಲಿಂಡರನ್ನು ಕಿಟಕಿ ತೆರೆದು ನೇರ ಮನೆಗೆ ತನ್ನಿ. ದಾರಿಯಲ್ಲಿ ಬಖಾಲಾಕ್ಕೆ, ಮಾಲಿಗೆ ಎಂದು ನಿಲ್ಲಬೇಡಿ. ಆಹಾರ ದರ್ಜೆಯ ಗ್ಯಾಸನ್ನೇ ಕೇಳಿ ತುಂಬಿಸಿ. ದ್ರವ ಇರುವಷ್ಟು ಕಾಲ ಒತ್ತಡದ ಮುಳ್ಳು ಅಲುಗುವುದಿಲ್ಲ, ಆದ್ದರಿಂದ ಎಷ್ಟು ಉಳಿದಿದೆ ಎಂದು ತಿಳಿಯಲು ತೂಗಬೇಕು. ಊರಲ್ಲಿ ಅಡುಗೆ ಗ್ಯಾಸಿನ ಸಿಲಿಂಡರನ್ನು ಎತ್ತಿ ನೋಡುತ್ತಿದ್ದೆವಲ್ಲ, ಹಾಗೆ.

ಕೊನೆಗೆ ಒಂದಿಷ್ಟು ಲೆಕ್ಕ

19 ಲೀಟರ್ ಖಾರದ ಸೋಡಕ್ಕೆ ಕರಗಲು 150 ಗ್ರಾಮ್, ತಳ್ಳಲು 100 ಗ್ರಾಮ್, ಒಟ್ಟು ಕಾಲು ಕಿಲೋ ಗ್ಯಾಸು ಬೇಕು. 5 ಕಿಲೋ ಸಿಲಿಂಡರಿಗೆ 20 ಕೆಗ್ಗು. 2017ರ ಜೂನಿನಲ್ಲಿ ಸೌದಿಯಲ್ಲಿ ಗ್ಯಾಸು ತುಂಬಿದ ತಂಪು ಪಾನೀಯಗಳಿಗೆ ಶೇಕಡಾ 50 ತೆರಿಗೆ ಬಂದಾಗ, 2019ರ ಡಿಸೆಂಬರಿನಲ್ಲಿ ಅದು ಸಿಹಿ ಪಾನೀಯಗಳಿಗೆಲ್ಲ ವಿಸ್ತರಿಸಿದಾಗ ನಾವೆಲ್ಲ ಗೊಣಗಿದ್ದು ನೆನಪಿದೆ. ತೆರಿಗೆಯ ಉದ್ದೇಶ ಸಕ್ಕರೆ ಕಡಿಮೆ ಕುಡಿಯಲಿ ಎಂಬುದು. ಪೆಟ್ಟಿಗೆಯಿಂದ ಆದದ್ದೂ ಅದೇ. ಸಕ್ಕರೆ ಕಾಯಿಲೆಯ ಹಿರಿಯರಿಗೆ ಮೊದಲ ನಲ್ಲಿಯ ಸೋಡಕ್ಕೆ ಉಪ್ಪು-ನಿಂಬೆ, ಮಕ್ಕಳಿಗೆ ಅರ್ಧ ಶುಂಠಿ ಅರ್ಧ ಸೋಡ.

ಕೊಳವೆಗಳನ್ನು ಪ್ರತಿ ಕೆಗ್ಗು ಮುಗಿದಾಗ ಬಿಸಿನೀರಿನಲ್ಲಿ, ಹದಿನೈದು ದಿನಕ್ಕೊಮ್ಮೆ ಅದಕ್ಕೆಂದೇ ಸಿಗುವ ದ್ರಾವಣದಲ್ಲಿ ತೊಳೆಯಿರಿ. ಜೀರಿಗೆ, ಶುಂಠಿಯ ವಾಸನೆ ಪ್ಲಾಸ್ಟಿಕ್ಕಿಗೂ ರಬ್ಬರಿಗೂ ಒಮ್ಮೆ ಹಿಡಿದರೆ ಬಿಡುವುದಿಲ್ಲ. ಜೀರಿಗೆಯ ಕೊಳವೆ ಎಂದೆಂದಿಗೂ ಜೀರಿಗೆಯದ್ದೇ. ಕಾಫಿಗೆ ಅದನ್ನು ಬಳಸಿದ ವಾರದ ಬಗ್ಗೆ ಕೇಳಬೇಡಿ.

ಅಂದಹಾಗೆ, ಮಾಲೀಕರು ಹೇಳಿದ ಚೀಟಿಗಳನ್ನು ಬರೆದದ್ದು ನನ್ನ ಮಗಳು. ಹೆಸರಿನ ಪಕ್ಕ ಒಂದೊಂದು ಅಕ್ಷರವನ್ನೂ ಸೇರಿಸಿದ್ದಾಳೆ: ಅ, ಆ, ಇ, ಈ. ಕೂಟಕ್ಕೆ ಬರುವ ಪುಟಾಣಿಗಳು ಈಗ "ಅಂಕಲ್, ನಂಗೆ ಆ" ಎಂದು ಲೋಟ ಚಾಚುತ್ತವೆ. ಅಕ್ಷರ ತೋರಿಸಿದರೆ ಮಾತ್ರ ನಲ್ಲಿ ತಿರುಗಿಸುತ್ತೇನೆ. ಐದನೇ ನಲ್ಲಿಗೆ ಜಾಗ ಇಲ್ಲ ಎಂಬುದೊಂದೇ ಈಗಿನ ಚಿಂತೆ. 'ಉ' ಯಾವಾಗ ಎಂದು ಒಬ್ಬಳು ಆಗಲೇ ಕೇಳಿದ್ದಾಳೆ.